ಕಡೆಯ ಬಸ್ಸಿನ ವೇಳೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳೆಂಬ ಮೂರು ತಾಲ್ಲೂಕುಗಳಲ್ಲಿ ಊರೆಂಬುದು ಬಯಲುಸೀಮೆಯ ಗ್ರಾಮದಂತೆ ಒಂದೇ ಕಡೆ ಒತ್ತಾಗಿ ನೆಲೆನಿಂತ ವಸತಿಯಲ್ಲ. ಕಣಿವೆಯ ತಲೆಯಲ್ಲಿ ಒಂದು ಮನೆ, ಅಡಕೆತೋಟದ ಕೊನೆಯಲ್ಲಿ ಎರಡು, ಹಳ್ಳ ದಾಟಿ ಗುಡ್ಡ ಹತ್ತಿದ ಮೇಲೆ ಮತ್ತೊಂದು ಎಂಬಂತೆ ಚದುರಿಹೋದ ಈ ಮನೆಗಳನ್ನು ಕಂದಾಯದ ದಾಖಲೆಯು ಒಂದು ಹೆಸರಿನಿಂದ ಕರೆಯುತ್ತದಾದರೂ, ಅವನ್ನು ದಿನದಿನವೂ ಒಂದುಗೂಡಿಸುವುದು ರಸ್ತೆಬದಿಯ ಒಂದು ತಂಗುದಾಣ, ಅದರ ಮಗ್ಗುಲಿನ ಒಂದು ಗೂಡಂಗಡಿ, ಮತ್ತು ಹೊತ್ತಿಗೆ ಸರಿಯಾಗಿ ಅಲ್ಲಿ ಬಂದು ನಿಲ್ಲುವ ಒಂದು ಬಸ್ಸು. ಆದಕಾರಣ ಮಲೆನಾಡಿನಲ್ಲಿ ಸಾರಿಗೆಯ ಯೋಜನೆಯೆಂದರೆ ರಸ್ತೆಯ ಅಗಲವನ್ನೂ ಡಾಂಬರಿನ ದಪ್ಪವನ್ನೂ ನಿರ್ಣಯಿಸುವ ಇಂಜಿನಿಯರಿಂಗ್ ವಿಷಯ ಮಾತ್ರವಾಗಿರದೆ, ಒಂದು ಜನಸಮುದಾಯವು ಸಮುದಾಯವಾಗಿ ಉಳಿಯಬೇಕೆ ಬೇಡವೆ ಎಂಬುದನ್ನು ನಿರ್ಣಯಿಸುವ ವಿಷಯವೂ ಆಗಿದೆ. ಈ ನಿರ್ಣಯವನ್ನು ಕೈಗೊಳ್ಳತಕ್ಕ ಸಂಸ್ಥೆ ಯಾವುದು, ಅದು ಮುಂದಿನ ಕಾಲಕ್ಕೆ ಸಿದ್ಧವಾಗಿದೆಯೆ, ಸಿದ್ಧವಾಗಬೇಕಾದರೆ ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ವಿಚಾರಕ್ಕೆ ತೊಡಗುವ ಮೊದಲು, ಈ ಸೀಮೆಯ ಜನರು 'ಹಾಲ್ಟಿಂಗ್ ಬಸ್ಸು' ಎಂದು ಕರೆಯುವ ಒಂದು ಏರ್ಪಾಡನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸಂಜೆ ಪೇಟೆಯಿಂದ ಹೊರಟ ಕಡೆಯ ಬಸ್ಸು ಕತ್ತಲಾದ ಮೇಲೆ ದಾರಿಯ ಕೊನೆಯ ಊರನ್ನು ಮುಟ್ಟಿ ರಾತ್ರಿ ಅಲ್ಲಿಯೇ ತಂಗುತ್ತದೆ. ಡ್ರೈವರೂ ಕಂಡಕ್ಟರೂ ಬಸ್ಸಿನಲ್ಲಿಯೋ, ಅಂಗಡಿಯ ಜಗಲಿಗೆ ಸೇರಿದ ಕೋಣೆಯಲ್ಲಿಯೋ ಮಲಗಿ, ಬೆಳಗಿನ ಮಂಜು ಹರಿಯುವ ಮೊದಲೇ ಅದೇ ಬಸ್ಸನ್ನು ಪೇಟೆಗೆ ತಿರುಗಿಸುತ್ತಾರೆ. ಆ ಮೊದಲ ಟ್ರಿಪ್ಪಿನಲ್ಲಿ ಡೈರಿಯ ಹಾಲಿನ ಕ್ಯಾನು, ವೀಳ್ಯದೆಲೆಯ ಕಟ್ಟು, ಪೇಟೆಯ ವರ್ಕ್‌ಷಾಪಿಗೆ ಕಳಿಸಬೇಕಾದ ಔಷಧಿ ಹೊಡೆಯುವ ಪಂಪು, ಕಾಲೇಜಿನ ಮಕ್ಕಳು, ತಾಲ್ಲೂಕು ಕಚೇರಿಗೆ ಹೊರಟ ಹಿರಿಯರು, ಆಸ್ಪತ್ರೆಗೆ ಹೊರಟ ಬಸುರಿ ಎಲ್ಲರೂ ಎಲ್ಲವೂ ಏರಬೇಕು. ಬಸ್ಸು ಇಳಿಜಾರಿನಲ್ಲಿ ನಿಧಾನಿಸಿದಾಗ ಗೇಟಿನ ಬಳಿ ನಿಂತವರೊಬ್ಬರು ಕೈಯೆತ್ತಿ, "ಮಾರಾಯ್ರೇ, ಈ ಔಷಧಿ ಚೀಟಿ ಒಂಚೂರು ಮೆಡಿಕಲ್ಲಿಗೆ ಕೊಟ್ಟು, ಸಂಜೆ ಇಲ್ಲೇ ಅಂಗಡೀಲಿ ಇಟ್ಟು ಹೋಗಿ" ಎನ್ನುತ್ತಾರೆ. ಕಂಡಕ್ಟರು ಚೀಟಿಯನ್ನು ಟಿಕೆಟ್ಟಿನ ಚೀಲಕ್ಕೆ ಸೇರಿಸಿ, "ಆಯ್ತು ಗೌಡ್ರೇ, ದುಡ್ಡು ಆಮೇಲೆ ಕೊಡಿ, ಲೇಟಾಗ್ತದೆ" ಎಂದು ಸೀಟಿ ಊದುತ್ತಾನೆ. ಯಾವ ಪರ್ಮಿಟ್ಟಿನಲ್ಲಿಯೂ ಬರೆಯದ, ಯಾವ ಲೆಕ್ಕಕ್ಕೂ ಸಿಕ್ಕದ ಈ ಸೇವೆಯು ಬಸ್ಸಿನೊಡನೆ ಬಂದದ್ದು; ಬಸ್ಸು ನಿಂತ ದಿನ ಅದರೊಡನೆಯೇ ಹೋಗುವಂಥದು.

ಹಾಲ್ಟಿಂಗ್ ಬಸ್ಸು ನಷ್ಟದ ಬಾಬ್ತೆಂಬುದು ಮಾಲೀಕರ ಬಹುಕಾಲದ ದೂರು, ಮತ್ತು ಅದು ಸುಳ್ಳಲ್ಲ. ರಾತ್ರಿಯ ಟ್ರಿಪ್ಪಿನಲ್ಲಿ ಕಡೆಯ ಕೆಲವು ಮೈಲಿಗಳು ಬರಿದಾದ ಸೀಟುಗಳನ್ನು ಹೊತ್ತು ಸಾಗುವಂಥವು. ನೌಕರರಿಗೆ ಭತ್ಯೆ ಕೊಡಬೇಕು. ಕೆಟ್ಟುನಿಂತರೆ ಮೆಕ್ಯಾನಿಕ್ಕನು ದೂರದ ಪೇಟೆಯಿಂದ ಬರಬೇಕು. ಆದಾಯ ತಗ್ಗಿದಾಗ ಮೊದಲು 'ಟ್ರಿಪ್ ಕಟ್' ಆಗುವುದು ಇದೇ. ಆದರೆ ಊರಿನ ಕಡೆಯಿಂದ ನೋಡಿದರೆ ಆ ದಾರಿಯ ಎಲ್ಲ ಟ್ರಿಪ್ಪುಗಳಲ್ಲಿ ಬೆಲೆಬಾಳುವುದೂ ಇದೇ. ಏಕೆಂದರೆ ಸಂಜೆ ನಾಲ್ಕೂವರೆಗೆ ಕಾಲೇಜು ಬಿಡುವ ಹುಡುಗಿಗೆ ಐದೂವರೆಯ ಬಸ್ಸು ಇಲ್ಲವೆಂದಾದರೆ, ಪಿಯುಸಿಯ ಎರಡನೆಯ ವರ್ಷಕ್ಕೆ ಅವಳನ್ನು ಕಳಿಸಬೇಕೆ ಎಂಬ ಮಾತು ಆ ಮನೆಯಲ್ಲಿ ಏಳುತ್ತದೆ. ಕಡೆಯ ಬಸ್ಸಿಗೆ ಮರಳಲಾಗದೆಂದು ಹೆದರಿದ ಮುದುಕರು ಮಧ್ಯಾಹ್ನದ ತಪಾಸಣೆಗೆ ಹೋಗುವುದನ್ನೇ ಬಿಡುತ್ತಾರೆ. ಬಸ್ಸಿನ ಒಟ್ಟು ಸಂಖ್ಯೆಯಿಂದ ಒಂದು ಸೀಮೆಯ ಸಾರಿಗೆಯನ್ನು ಅಳೆಯುವುದು ತಪ್ಪು. ಮೊದಲನೆಯ ಬಸ್ಸು ಯಾವ ಹೊತ್ತಿಗೆ ಹೊರಡುತ್ತದೆ, ಕಡೆಯದು ಯಾವ ಹೊತ್ತಿಗೆ ಮರಳುತ್ತದೆ ಎಂಬುದರಿಂದಲೇ ಅಳೆಯತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಸಂಸ್ಥೆಯ ವಿಷಯ. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ರಾಜ್ಯಕ್ಕೊಂದು ರಾಜ್ಯ ಸಾರಿಗೆ ಪ್ರಾಧಿಕಾರವೂ, ಅದರ ಕೆಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳೂ ಇರತಕ್ಕವು. ನಮ್ಮಲ್ಲಿ ಈ ಪ್ರಾದೇಶಿಕ ಪ್ರಾಧಿಕಾರವು ಜಿಲ್ಲೆಗೊಂದರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಅದರ ಮುಖ್ಯ ಕಾರ್ಯವೆಂದರೆ ಪರ್ಮಿಟ್ಟಿನ ಅರ್ಜಿಗಳನ್ನು ತೆಗೆದುಕೊಳ್ಳುವುದು, ಟೈಮಿಂಗ್ಸಿನ ತಗಾದೆಗಳನ್ನು ಕೇಳುವುದು, ಒಬ್ಬ ಮಾಲೀಕನ ಬಸ್ಸು ಇನ್ನೊಬ್ಬನ ಬಸ್ಸಿಗಿಂತ ಐದು ನಿಮಿಷ ಮುಂಚೆ ಹೊರಟಿತೆಂಬ ವ್ಯಾಜ್ಯವನ್ನು ತೀರ್ಮಾನಿಸುವುದು. ಅರ್ಜಿ ಬಂದರೆ ಸಾಮಾನ್ಯವಾಗಿ ನಿರಾಕರಿಸಲಾಗದೆಂಬುದು ಅದೇ ಕಾಯಿದೆಯ ಉದಾರ ನೀತಿ. ಅರ್ಜಿಯೇ ಬಾರದ ದಾರಿಯ ಗತಿಯೇನು? ನಿಟ್ಟೂರಿನ ಆಚೆಯ ಒಂದು ಕೊನೆಗೆ, ಕರೂರು ಸೀಮೆಯ ಒಂದು ಮೂಲೆಗೆ, ಆಗುಂಬೆಯ ಸುತ್ತಿನ ಒಂದು ಕಾಡುದಾರಿಗೆ ಯಾರೂ ಪರ್ಮಿಟ್ ಕೇಳದಿದ್ದರೆ, ಆ ದಾರಿ ಪ್ರಾಧಿಕಾರದ ಮೇಜಿನ ಮೇಲೆ ಎಂದಿಗೂ ಬರುವುದೇ ಇಲ್ಲ. ರಸ್ತೆಯನ್ನು ಕಟ್ಟುವವರು ಲೋಕೋಪಯೋಗಿ ಇಲಾಖೆಯವರು ಅಥವಾ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು; ಹೆದ್ದಾರಿಯಾದರೆ ಕೇಂದ್ರದವರು; ಕಾಡಿನೊಳಗೆ ಹಾದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು; ಕಾಲುಸಂಕಕ್ಕೆ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯನ್ನೋ ಪಂಚಾಯಿತಿಯನ್ನೋ ಬೇಡಬೇಕು; ಸರ್ಕಾರಿ ಬಸ್ಸು ನಿಗಮದ ವಿಭಾಗ ಕಚೇರಿಯ ಕೈಯಲ್ಲಿದೆ. ಇವರೆಲ್ಲರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡುವವರೆಂದೇ ಇಟ್ಟುಕೊಂಡರೂ, ಒಬ್ಬ ಮನುಷ್ಯನು ತನ್ನ ಮನೆಯ ಬಾಗಿಲಿನಿಂದ ಹೊರಟು ಸಂಕ ದಾಟಿ, ಮಣ್ಣುದಾರಿ ನಡೆದು, ಬಸ್ಸು ಹತ್ತಿ, ಪೇಟೆ ಮುಟ್ಟಿ, ಮತ್ತೆ ಮನೆ ಸೇರುವ ಒಂದು ಪೂರ್ಣ ಪ್ರಯಾಣವನ್ನು ಪ್ರಯಾಣವೆಂದು ನೋಡುವ ಕಚೇರಿ ಇವುಗಳಲ್ಲಿ ಒಂದೂ ಇಲ್ಲ. ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯವು ಹೆಸರೇ ಹೇಳುವಂತೆ ನಗರಗಳಿಗೆ. 2022ರ ಕಾಯಿದೆಯ ಪ್ರಕಾರ ರಚಿತವಾಗುವ ಭೂ ಸಾರಿಗೆ ಪ್ರಾಧಿಕಾರ ಬೆಂಗಳೂರಿಗೆ. ದಟ್ಟವಾಗಿ ಜನ ನೆಲೆಸಿರುವಲ್ಲಿ ಯೋಜಿಸುವವರು ಇದ್ದಾರೆ, ಚದುರಿ ನೆಲೆಸಿರುವಲ್ಲಿ ಇಲ್ಲವೆಂದಾಯಿತು.

ಈ ಕೊರತೆಯನ್ನು ಬಹುಕಾಲ ಜನರೇ ತಮ್ಮ ಸಾಹಸದಿಂದ ಮುಚ್ಚಿಕೊಂಡು ಬಂದರು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರವು 120 ಬಸ್ಸುಗಳೊಡನೆ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಆ ಬಳಿಕ ಹಳೆಯ ಮೈಸೂರಿನ ಅನೇಕ ಮಾರ್ಗಗಳು ರಾಷ್ಟ್ರೀಕರಣಗೊಂಡವು. ಆದರೂ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಖಾಸಗಿ ಬಸ್ಸಿನ ಪ್ರಾಬಲ್ಯ ಕುಗ್ಗಲಿಲ್ಲ. ಅಲ್ಲಿಯ ಬಸ್ಸು ಸಂಸ್ಥೆಗಳಲ್ಲಿ ವಿಶೇಷವಾಗಿ ಸ್ಮರಿಸತಕ್ಕದ್ದು ಕೊಪ್ಪದ 'ಸಹಕಾರ ಸಾರಿಗೆ'. ಶಂಕರ್ ಕಂಪನಿಯೆಂಬ ಖಾಸಗಿ ಸಂಸ್ಥೆ ಮುಚ್ಚಿದಾಗ ಕೆಲಸ ಕಳೆದುಕೊಂಡ ಡ್ರೈವರುಗಳೂ ಕಂಡಕ್ಟರುಗಳೂ ಮೆಕ್ಯಾನಿಕ್ಕುಗಳೂ ಕೂಡಿ 1991ರಲ್ಲಿ ತಾವೇ ಮಾಲೀಕರಾಗಿ ಒಂದು ಸಹಕಾರ ಸಂಘವನ್ನು ಕಟ್ಟಿದರು. ಬೆರಳೆಣಿಕೆಯ ಬಸ್ಸುಗಳಿಂದ ಹೊರಟದ್ದು ಎಪ್ಪತ್ತನ್ನು ಮೀರಿ ಬೆಳೆದು, ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿಯ ಕಡೆಗಳಿಗೆ ಹಬ್ಬಿ, ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನಿತ್ತು, ಬೇರೆಯವರು ಒಲ್ಲದ ಒಳದಾರಿಗಳಲ್ಲಿ ಓಡಿತು. ಬಸ್ಸನ್ನು ಓಡಿಸುವವನೇ ಬಸ್ಸಿನ ಒಡೆಯನೂ ದಾರಿಯ ನಿವಾಸಿಯೂ ಆದಾಗ ಯಾವ ಟ್ರಿಪ್ಪನ್ನು ಕತ್ತರಿಸಬಾರದೆಂಬ ತಿಳಿವಳಿಕೆ ಅವನಿಗೆ ಹೇಳಿಕೊಡದೆಯೇ ಇರುತ್ತದೆ. ಆದರೆ ಡೀಸೆಲ್ಲಿನ ಬೆಲೆ, ವಿಮೆ, ತೆರಿಗೆ, ಬಿಡಿಭಾಗಗಳ ವೆಚ್ಚ ಏರುತ್ತ ಹೋಗಿ, ಸ್ವಂತ ವಾಹನಗಳ ಹೆಚ್ಚಳದಿಂದ ಪ್ರಯಾಣಿಕರು ಇಳಿಯುತ್ತ ಹೋಗಿ, 2020ರ ಫೆಬ್ರುವರಿಯಲ್ಲಿ ಸಂಘವು ಬಸ್ಸುಗಳನ್ನು ನಿಲ್ಲಿಸಿತು. ಮೂರು ದಶಕಗಳ ಸಾರ್ವಜನಿಕ ಸೇವೆಯೊಂದು ಕಣ್ಣೆದುರಿಗೆ ಸೊರಗುತ್ತಿದ್ದಾಗ ಅದನ್ನು ಉಳಿಸಿಕೊಳ್ಳುವುದು ತನ್ನ ಹೊಣೆಯೆಂದು ಭಾವಿಸುವ ಪ್ರಾಧಿಕಾರವೊಂದು ಇದ್ದಿದ್ದರೆ, ಸಾಲವೋ ಸಹಾಯಧನವೋ ತೆರಿಗೆಯ ವಿನಾಯಿತಿಯೋ, ಯಾವುದಾದರೊಂದು ದಾರಿ ತೆರೆಯುತ್ತಿತ್ತೆಂದು ನಾನು ನಂಬುತ್ತೇನೆ. ಪರ್ಮಿಟ್ ಕೊಡುವ ಕಚೇರಿಗೆ ಪರ್ಮಿಟ್ ಹಿಂತಿರುಗಿದುದು ಒಂದು ಕಡತ ಮುಗಿದಂತೆ ಮಾತ್ರ.

ಬಸ್ಸು ನಿಂತ ಕಡೆ ಬೈಕು ಬಂತು. ಒಂದು ಕಾಲಕ್ಕೆ ಬೈಸಿಕಲ್ಲೇ ಈ ಸೀಮೆಗೆ ಅದ್ಭುತವಾಗಿತ್ತೆಂಬುದನ್ನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರು ಬಲ್ಲರು. ಇಂದು ಮನೆಗೊಂದು ಮೋಟಾರು ಬೈಕು ಇರುವುದು ಅಚ್ಚರಿಯಲ್ಲ. ಆದರೆ ಬೈಕು ಯುವಕನ ವಾಹನ. ತರುಣರು ಬೆಂಗಳೂರಿಗೆ ತೆರಳಿ, ತಂದೆತಾಯಿಗಳು ಮಾತ್ರ ತೋಟದ ಮನೆಯಲ್ಲಿ ಉಳಿದಿರುವ ಈ ಕಾಲದಲ್ಲಿ, ಎಪ್ಪತ್ತು ದಾಟಿದ ದಂಪತಿಗಳಿಗೆ ಜಗಲಿಯಲ್ಲಿ ನಿಂತ ಬೈಕಿನಿಂದ ಪ್ರಯೋಜನವಿಲ್ಲ; ಆಟೋ ಕರೆಸಿದರೆ ಒಂದು ಬಾರಿಯ ಬಾಡಿಗೆ ತಿಂಗಳ ಪಿಂಚಣಿಯ ಒಂದು ಪಾಲನ್ನು ನುಂಗುತ್ತದೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮಲೆನಾಡಿನ ಪ್ರಯಾಣಿಕನು ಯಾರು ಎಂದು ಯೋಜಕನು ಕೇಳಿಕೊಂಡನಾದರೆ, ಉತ್ತರವು ವೃದ್ಧರು, ವಿದ್ಯಾರ್ಥಿಗಳು, ಕೂಲಿಗೆ ಹೋಗುವ ಹೆಂಗಸರು ಎಂದೇ ಬರುತ್ತದೆ. ಈ ಮೂವರೂ ಬಸ್ಸನ್ನೇ ನೆಚ್ಚಿದವರು.

ನೀರಿನ ಕಥೆ ಇದಕ್ಕಿಂತ ದೀರ್ಘವಾದುದು. 1964ರಲ್ಲಿ ಲಿಂಗನಮಕ್ಕಿಯ ಆಣೆಕಟ್ಟು ಪೂರ್ಣವಾದಾಗ ಶರಾವತಿಯ ಹಿನ್ನೀರು ಸಾಗರ, ಹೊಸನಗರಗಳ ಗದ್ದೆ ತೋಟಗಳೊಡನೆ ಹಳೆಯ ದಾರಿಗಳನ್ನೂ ಮುಳುಗಿಸಿತು. ಹೊಸನಗರಕ್ಕಂತೂ ಆಮೇಲೆ ವಾರಾಹಿ, ಚಕ್ರಾ, ಸಾವೆಹಕ್ಕಲುಗಳ ಜಲಾಶಯಗಳೂ ಸೇರಿದವು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿ ಮುಳುಗಡೆಯನ್ನು ಕಣ್ಣಾರೆ ಕಂಡ ನಾ. ಡಿಸೋಜರು ಅದನ್ನೇ ತಮ್ಮ ಕಾದಂಬರಿಗಳ ವಸ್ತುವಾಗಿಸಿಕೊಂಡರು. ಅವರು 'ದ್ವೀಪ' ಎಂದು ಹೆಸರಿಟ್ಟುದು ಕೇವಲ ಕವಿಕಲ್ಪನೆಯಲ್ಲ. ತುಮರಿ, ಬ್ಯಾಕೋಡು, ಕುದರೂರುಗಳ ಜನರು ತಮ್ಮ ತಾಲ್ಲೂಕಿನ ಪೇಟೆಯಾದ ಸಾಗರಕ್ಕೆ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚನ್ನು ಕಾಯಬೇಕಾಗಿತ್ತು. ಬಸ್ಸು, ಕಾರು, ಜೀಪು ಎಲ್ಲವನ್ನೂ ಹೊತ್ತು ದಾಟಿಸುತ್ತಿದ್ದ ಲಾಂಚು ಸಂಜೆಯ ತರುವಾಯ ನಿಂತುಹೋಗುತ್ತಿತ್ತು. ರಾತ್ರಿ ಹೊಟ್ಟೆನೋವು ಬಂದವರು ಬೆಳಗಿನವರೆಗೆ ಕಾಯಬೇಕಾಗಿತ್ತು, ಇಲ್ಲವೆ ಹತ್ತಾರು ಮೈಲಿ ಸುತ್ತಬೇಕಾಗಿತ್ತು. ಮಳೆ ಕೈಕೊಟ್ಟ ವರ್ಷದ ಬೇಸಗೆಯಲ್ಲಿ ಹಿನ್ನೀರು ಇಳಿದಾಗ ವಾಹನಗಳನ್ನು ಹತ್ತಿಸಿಕೊಳ್ಳುವುದೇ ನಿಂತು, ಜನರು ಮಾತ್ರ ದಾಟುವಂತಾಗುತ್ತಿತ್ತು. ನಾಡಿಗೆ ವಿದ್ಯುತ್ತನ್ನು ಕೊಡುವುದಕ್ಕಾಗಿ ನೆಲವನ್ನು ಕಳೆದುಕೊಂಡವರು ಒಂದು ಸೇತುವೆಗಾಗಿ ಆರು ದಶಕ ಕಾದರು, ಅರ್ಜಿ ಕೊಟ್ಟರು, ಪಾದಯಾತ್ರೆ ನಡೆದರು.

ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ 2.44 ಕಿಲೋಮೀಟರು ಉದ್ದದ ಆ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಆ ದಿನ ತುಮರಿಯ ಕಡೆಯವರು ಕಣ್ಣೀರು ಹಾಕಿದ್ದರೆ ಅದು ಸಹಜ. ನಾನೂ ಆ ಸಂತೋಷದಲ್ಲಿ ಪೂರ್ಣ ಮನಸ್ಸಿನಿಂದ ಭಾಗಿಯಾಗಿದ್ದೇನೆ. ಆದರೆ ಸೇತುವೆ ಹಗಲಿರುಳೂ ತೆರೆದಿರುವಂಥದು, ಬಸ್ಸು ಹಾಗಲ್ಲ. ಕಾರುಳ್ಳವನಿಗೆ ಸಾಗರ ಹತ್ತಿರವಾದುದು ಸೇತುವೆ ತೆರೆದ ಗಳಿಗೆಯಲ್ಲಿಯೇ. ಕಾರಿಲ್ಲದವಳಿಗೆ ಅದು ಹತ್ತಿರವಾಗುವುದು ಆ ಸೇತುವೆಯ ಮೇಲೆ ರಾತ್ರಿ ಏಳಕ್ಕೋ ಎಂಟಕ್ಕೋ ಒಂದು ಬಸ್ಸು ಬ್ಯಾಕೋಡಿಗೆ ಮರಳುವಂತಾದ ದಿನ. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವ ಯಾತ್ರಿಕರ ವಾಹನಗಳು ಈಗ ತಡೆಯಿಲ್ಲದೆ ದಾಟುತ್ತವೆ. ಲಾಂಚಿನ ಸರದಿಯು ಒಂದು ದಿನಕ್ಕೆ ಇಷ್ಟೇ ಎಂದು ತಾನಾಗಿ ಹಾಕುತ್ತಿದ್ದ ಮಿತಿಯು ಇನ್ನಿಲ್ಲ. ಒಳಗಿನ ಊರುಗಳ ಕಿರಿದಾದ ರಸ್ತೆಗಳು, ಕೊಡಚಾದ್ರಿಯ ಕಡೆಗೆ ಹೋಗುವ ದಾರಿಗಳು, ಶರಾವತಿ ಕಣಿವೆಯ ಸಿಂಗಳೀಕಗಳಿರುವ ಅಭಯಾರಣ್ಯದ ಅಂಚು, ಇವೆಲ್ಲವೂ ಈ ಒತ್ತಡವನ್ನು ಹೊರಬೇಕು. ಯಾತ್ರಿಕರನ್ನು ಸಾಗರದಲ್ಲಿಯೋ ಆವಿನಹಳ್ಳಿಯಲ್ಲಿಯೋ ಇಳಿಸಿ, ಅಲ್ಲಿಂದ ಹದಿನೈದು ನಿಮಿಷಕ್ಕೊಂದರಂತೆ ಬಸ್ಸು ಬಿಟ್ಟು, ಅದೇ ಬಸ್ಸನ್ನು ಊರವರ ಬಸ್ಸಾಗಿಯೂ ಬ್ಯಾಕೋಡಿನವರೆಗೆ ಓಡಿಸಿದರೆ, ಯಾತ್ರಿಕರ ಹಣದಿಂದ ಊರವರ ಕಡೆಯ ಟ್ರಿಪ್ಪು ನಡೆಯುತ್ತದೆ. ಜೋಗದ ವಿಷಯದಲ್ಲಿಯೂ ಮಳೆಗಾಲದ ಶನಿವಾರ ಭಾನುವಾರಗಳಂದು ಇದೇ ಕ್ರಮ ನಡೆಯಬಲ್ಲುದು: ಮೈಸೂರಿನಿಂದ ಬರುವ ರೈಲು ತಾಳಗುಪ್ಪವನ್ನು ಮುಟ್ಟುವ ಹೊತ್ತಿಗೆ ಅಲ್ಲಿ ಬಸ್ಸು ನಿಂತಿರಬೇಕು, ಅಷ್ಟೇ.

ರೈಲಿನ ಮಾತು ಬಂದುದರಿಂದ ಒಂದೆರಡು ಸಂಗತಿ. 1940ರ ವೇಳೆಗೆ ತಾಳಗುಪ್ಪಕ್ಕೆ ಬಂದ ಮೀಟರ್‌ಗೇಜ್ ದಾರಿಯಲ್ಲಿ ಕಡೆಗಾಲದಲ್ಲಿ ಪುಟ್ಟ ರೈಲುಬಸ್ಸು ಓಡಿ, ಆಮೇಲೆ ದಾರಿಯು ಬ್ರಾಡ್‌ಗೇಜಾಗಿ 2011ರಿಂದ ದೊಡ್ಡ ರೈಲುಗಳು ಬರತೊಡಗಿದವು. ತೀರ್ಥಹಳ್ಳಿಗೆ ರೈಲೇ ಇಲ್ಲ. ಹೊಸನಗರ ಪೇಟೆಗೂ ಇಲ್ಲ, ಆದರೆ ಆ ತಾಲ್ಲೂಕಿನ ಅಂಚಿನಲ್ಲಿ ಅರಸಾಳು ನಿಲ್ದಾಣವಿದೆ. 'ಮಾಲ್ಗುಡಿ ಡೇಸ್' ಚಿತ್ರೀಕರಣದಿಂದ ಹೆಸರಾಗಿ ಈಗ ವಸ್ತುಸಂಗ್ರಹಾಲಯವನ್ನೂ ಹೊಂದಿರುವ ಅರಸಾಳು ನಿಲ್ದಾಣವು, ಬಸ್ಸಿನ ಹೊತ್ತು ರೈಲಿಗೆ ಹೊಂದಿಕೊಂಡರೆ, ರಿಪ್ಪನ್‌ಪೇಟೆ, ಹುಂಚ, ಹೊಸನಗರಗಳಿಗೆ ರೈಲಿನ ಬಾಗಿಲಾಗಬಹುದು. ಸ್ವಿಟ್ಜರ್ಲೆಂಡಿನಲ್ಲಿ 1906ರಲ್ಲಿ ಅಂಚೆಯ ಬಸ್ಸು ಆರಂಭವಾಗಿ, 1982ರಲ್ಲಿ ಆ ದೇಶದ ರೈಲುಗಳು ಗಂಟೆ ಗಂಟೆಗೂ ನಿಯತವಾಗಿ ಓಡುವ ವೇಳಾಪಟ್ಟಿಯನ್ನು ಕೈಗೊಂಡಾಗ, ಕಣಿವೆಯ ನಿಲ್ದಾಣಗಳಲ್ಲಿ ಹಳದಿ ಬಣ್ಣದ ಆ ಬಸ್ಸುಗಳು ರೈಲಿಗೆ ಹೊಂದಿಕೊಂಡು ಹೊರಡುವಂತಾಯಿತು. ಅಲ್ಲಿಯ ಸಂಪತ್ತು ನಮಗಿಲ್ಲ, ನಿಜ. ಆದರೆ ಎರಡು ವೇಳಾಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದಕ್ಕೆ ಸಂಪತ್ತು ಬೇಕಿಲ್ಲ. ರಸ್ತೆ ರೈಲುಗಳನ್ನು ಸಮನ್ವಯಗೊಳಿಸುವುದು ಅಪೇಕ್ಷಣೀಯವೆಂದು ನಮ್ಮ ಮೋಟಾರು ವಾಹನ ಕಾಯಿದೆಯ 67ನೆಯ ಪ್ರಕರಣವೇ ಹೇಳುತ್ತದೆ.

ಪ್ರದೇಶವೆಂಬುದು ಯಾವುದು ಎಂಬ ಪ್ರಶ್ನೆಯನ್ನು ಘಾಟಿಗಳ ನೆತ್ತಿಯಲ್ಲಿ ನಿಂತು ಕೇಳಿದರೆ ಅದರ ಉತ್ತರ ಜಿಲ್ಲೆಯ ನಕಾಶೆಯಲ್ಲಿ ಸಿಕ್ಕುವುದಿಲ್ಲ. ತೀರ್ಥಹಳ್ಳಿಯವರು ದೊಡ್ಡ ಕಾಯಿಲೆಗೆ ಶಿವಮೊಗ್ಗಕ್ಕೆ ಹೋಗುವಂತೆಯೇ ಆಗುಂಬೆ ಇಳಿದು ಮಣಿಪಾಲಕ್ಕೂ ಹೋಗುತ್ತಾರೆ. ಹೊಸನಗರದ ನಗರ, ಮಾಸ್ತಿಕಟ್ಟೆಗಳ ಕಡೆಯವರಿಗೆ ಹುಲಿಕಲ್ಲಿನ ಬಾಳೆಬರೆ ಘಾಟಿ ಇಳಿದರೆ ಕುಂದಾಪುರ. ಸಾಗರದವರಿಗೆ ಸಿದ್ದಾಪುರವೂ ಹೊನ್ನಾವರವೂ ನೆರೆಯೂರುಗಳು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಹಬ್ಬಿ ಹಲವರು ತೀರಿಕೊಂಡಾಗ, ರೋಗಿಗಳನ್ನು ಮಣಿಪಾಲದವರೆಗೆ ಒಯ್ಯಬೇಕಾಯಿತು. ಜ್ವರದಲ್ಲಿ ಬೇಯುವ ದೇಹಕ್ಕೆ ಆ ದಾರಿಯ ಉದ್ದವೆಷ್ಟೆಂಬುದನ್ನು ಜೊತೆಗೆ ಹೋದವರು ಮರೆತಿರಲಾರರು. ಹೀಗಿದ್ದೂ ಘಾಟಿಯ ಮೇಲಿನದು ಶಿವಮೊಗ್ಗದ ಪ್ರಾಧಿಕಾರ, ಕೆಳಗಿನದು ಉಡುಪಿಯ ಪ್ರಾಧಿಕಾರ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಮಳೆಗಾಲ ಬಂದೊಡನೆ ಭಾರಿ ವಾಹನಗಳಿಗೆ ನಿಷೇಧದ ಆಜ್ಞೆ ಹೊರಡುತ್ತದೆ. ಗುಡ್ಡ ಕುಸಿದರೆ ಎಲ್ಲ ವಾಹನಗಳಿಗೂ ಬಂದ್. ಆಗ ದಟ್ಟಣೆಯೆಲ್ಲ ಬಾಳೆಬರೆಯ ಕಡೆಗೋ ಕೊಲ್ಲೂರಿನ ಕಡೆಗೋ ತಿರುಗುತ್ತದೆ, ಅಲ್ಲಿಯ ಧರೆಯೂ ಅಷ್ಟೇ ನೆನೆದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು ಹೊಸದಲ್ಲ. ಹೊಸದೆಂದರೆ ಅದು ಸುರಿಯುವ ರೀತಿ: ಆರಿದ್ರೆಯಿಂದ ಆಶ್ಲೇಷೆಯವರೆಗೆ ಹದವಾಗಿ ಹಿಡಿಯುತ್ತಿದ್ದ ಮಳೆಯು ಈಗ ಕೆಲವೇ ದಿನಗಳಲ್ಲಿ ಒಮ್ಮೆಲೇ ಇಳಿದು, ಅಗಲಗೊಳಿಸಲೆಂದು ಕಡಿದ ಗುಡ್ಡದ ಹಸಿ ಗೋಡೆಯನ್ನು ರಸ್ತೆಯ ಮೇಲೆ ಕೆಡವುತ್ತದೆ. ಘಾಟಿಗೆ ಸುರಂಗದ ಪ್ರಸ್ತಾವವಿದೆ. ಅದು ಆದಾಗ ಆಗಲಿ. ಅದಕ್ಕೆ ಮೊದಲು ಬೇಕಾದುದು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬೇರೆಯೇ ಆದ ಒಂದು ಮಳೆಗಾಲದ ವೇಳಾಪಟ್ಟಿ. ಯಾವ ಘಾಟಿ ಮುಚ್ಚಿದರೆ ಯಾವ ಬಸ್ಸು ಎಲ್ಲಿಯವರೆಗೆ ಓಡುತ್ತದೆ, ಅಲ್ಲಿಂದ ಚಿಕ್ಕ ಗಾಡಿ ಯಾವುದು, ಆಂಬುಲೆನ್ಸು ಯಾವ ದಾರಿ ಹಿಡಿಯತಕ್ಕದ್ದು ಎಂಬುದನ್ನು ಎರಡೂ ಜಿಲ್ಲೆಗಳವರು ಮೇ ತಿಂಗಳಲ್ಲಿಯೇ ಕೂಡಿ ಕುಳಿತು ತೀರ್ಮಾನಿಸಿ, ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಇದಕ್ಕೆ ಕಾಯಿದೆಯ ಅಡ್ಡಿಯಿಲ್ಲ. ಪ್ರದೇಶವೆಂದರೆ ಜಿಲ್ಲೆಯೇ ಆಗಬೇಕೆಂದು 1988ರ ಕಾಯಿದೆ ಎಲ್ಲಿಯೂ ವಿಧಿಸಿಲ್ಲ; ಪ್ರಾಧಿಕಾರಗಳ ನಡುವೆ ಸಮನ್ವಯ ಮಾಡುವುದು ರಾಜ್ಯ ಪ್ರಾಧಿಕಾರದ ಕರ್ತವ್ಯವೆಂದು ಅದೇ ಹೇಳಿದೆ. ಸಹ್ಯಾದ್ರಿಯ ಎರಡೂ ಮಗ್ಗುಲಿನ ತಾಲ್ಲೂಕುಗಳನ್ನು ಒಂದು ಪ್ರದೇಶವೆಂದು ಭಾವಿಸುವ ಪ್ರಾಧಿಕಾರವನ್ನು ರಚಿಸುವುದು ಸರ್ಕಾರದ ಒಂದು ಅಧಿಸೂಚನೆಯ ಮಾತು.

ಹಣದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತಗೊಳಿಸಿತು. ಅದು ಮಹತ್ತ್ವದ ಹೆಜ್ಜೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸರ್ಕಾರಿ ಬಸ್ಸೇ ವಿರಳವಾದ ದಾರಿಯಲ್ಲಿ ಆ ಹಕ್ಕಿಗೆ ಅರ್ಥವೇನು? ಮಂಡ್ಯದ ಹಳ್ಳಿಯ ಹೆಂಗಸು ಒಂದು ಕಾಸೂ ಕೊಡದೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವಳು. ಸಂಪೇಕಟ್ಟೆಯಲ್ಲಿ ಖಾಸಗಿ ಬಸ್ಸನ್ನು ಕಾಯುವ ಹೆಂಗಸು ಪೂರ್ತಿ ಟಿಕೆಟ್ಟನ್ನು ಕೊಡುವಳು. ಇಬ್ಬರ ಕೂಲಿಯೂ ಬಹುಮಟ್ಟಿಗೆ ಒಂದೇ. ಇತ್ತ ಸರ್ಕಾರಿ ಬಸ್ಸು ಓಡುವ ಮುಖ್ಯ ದಾರಿಯಲ್ಲಿ ಪ್ರಯಾಣಿಕರನ್ನು ಕಳೆದುಕೊಂಡ ಖಾಸಗಿ ಮಾಲೀಕನು ಆ ದಾರಿಯ ಲಾಭದಿಂದ ಸಾಕುತ್ತಿದ್ದ ಒಳದಾರಿಯ ಟ್ರಿಪ್ಪನ್ನು ಬಿಟ್ಟರೆ ಅವನನ್ನು ಮಾತ್ರ ದೂರುವುದು ನ್ಯಾಯವಲ್ಲ. ಪ್ರಾಧಿಕಾರವು ದಾರಿಯನ್ನೂ ಹೊತ್ತನ್ನೂ ತಾನೇ ಗೊತ್ತುಮಾಡಿ, ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ ಕೊಟ್ಟು, ಖಾಸಗಿಯವರಾಗಲಿ ಸಹಕಾರ ಸಂಘವಾಗಲಿ ನಿಗಮವಾಗಲಿ ಯಾರು ಒಪ್ಪಿದರೂ ಅವರಿಂದ ಓಡಿಸುವುದೇ ಇದಕ್ಕೆ ಪರಿಹಾರ. ಆಗ ಶಕ್ತಿಯ ಟಿಕೆಟ್ಟು ಬಸ್ಸಿನ ಬಣ್ಣವನ್ನು ನೋಡಬೇಕಾಗಿಲ್ಲ. 2019ರ ತಿದ್ದುಪಡಿಯಿಂದ 67ನೆಯ ಪ್ರಕರಣಕ್ಕೆ ಸೇರಿದ ಮೂರನೆಯ ಉಪಪ್ರಕರಣವು, ಗ್ರಾಮೀಣ ಸಾರಿಗೆಗಾಗಿಯೂ ದಾರಿಯ ಕೊನೆಯ ಮೈಲಿಯ ಸಂಪರ್ಕಕ್ಕಾಗಿಯೂ ರಾಜ್ಯ ಸರ್ಕಾರವು ಪರ್ಮಿಟ್ಟುಗಳನ್ನು ಮಾರ್ಪಡಿಸಬಹುದು, ಹೊಸ ಯೋಜನೆಗಳನ್ನು ರೂಪಿಸಬಹುದು ಎಂದು ಸ್ಪಷ್ಟವಾಗಿ ಅಧಿಕಾರ ಕೊಟ್ಟಿದೆ. ಹತ್ತು ಜನ ಕುಳ್ಳಿರುವ ಟ್ರಾಕ್ಸು ಈ ದಿನ ಕದ್ದುಮುಚ್ಚಿ ಮಾಡುತ್ತಿರುವ ಸೇವೆಯನ್ನು ನ್ಯಾಯಬದ್ಧಗೊಳಿಸಿ, ವಿಮೆಯ ರಕ್ಷಣೆಯೊಳಗೆ ತಂದು, ಹಾಲ್ಟಿಂಗ್ ಬಸ್ಸು ಹೋಗಲಾಗದ ಕೊನೆಗಳಿಗೆ ಅದನ್ನು ನೇಮಿಸುವುದು ಈ ಅಧಿಕಾರದೊಳಗೆ ಬರುತ್ತದೆ.

ನೆರೆಯ ಕೇರಳದವರು 2022ರಲ್ಲಿ 'ಗ್ರಾಮವಂಡಿ' ಎಂಬ ಒಂದು ಕ್ರಮವನ್ನು ತೊಡಗಿದರು. ಪಂಚಾಯಿತಿಯು ಇಂಧನದ ವೆಚ್ಚವನ್ನು ಹೊರುತ್ತದೆ. ಬಸ್ಸು, ನೌಕರರು, ದುರಸ್ತಿ ಅವರ ಸಾರಿಗೆ ನಿಗಮದ್ದು. ದಾರಿಯನ್ನೂ ಹೊತ್ತನ್ನೂ ಪಂಚಾಯಿತಿ ಸೂಚಿಸುತ್ತದೆ. ಅದರಲ್ಲಿ ನನಗೆ ಹಿಡಿಸಿದುದು ಹಣದ ಹಂಚಿಕೆಗಿಂತ ಹೆಚ್ಚಾಗಿ ಹೊತ್ತನ್ನು ಊರೇ ಹೇಳುವ ಭಾಗ. ಕಾಲೇಜು ಬಿಡುವ ಹೊತ್ತು, ಸಂತೆ ಮುಗಿಯುವ ಹೊತ್ತು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಕೂರುವ ಹೊತ್ತು, ಅಡಕೆ ಮಂಡಿಯ ವ್ಯಾಪಾರದ ಹೊತ್ತು, ಇವು ಶಿವಮೊಗ್ಗದ ಕಚೇರಿಗೆ ತಿಳಿಯುವುದಕ್ಕಿಂತ ಕೋಣಂದೂರಿನ ಅಂಗಡಿಯವನಿಗೆ ಚೆನ್ನಾಗಿ ತಿಳಿದಿವೆ. ನಮ್ಮ ಪಂಚಾಯಿತಿಗಳ ಆದಾಯ ಸಣ್ಣದು. ಇಂಧನದ ಹೊರೆಯನ್ನು ಅವುಗಳ ಮೇಲೆಯೇ ಹೊರಿಸುವುದು ಸರಿಯಲ್ಲ. ಆದರೆ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ವೇಳಾಪಟ್ಟಿಯನ್ನು ಓದಿ, ತಿದ್ದುಪಡಿಗಳನ್ನು ಪ್ರಾಧಿಕಾರಕ್ಕೆ ಕಳಿಸುವ ಹಕ್ಕು ಅವುಗಳಿಗೆ ಇರಲೇಬೇಕು. ಸಣ್ಣ ಶಾಲೆಗಳು ಮುಚ್ಚಿ, ಮಕ್ಕಳನ್ನು ದೂರದ ದೊಡ್ಡ ಶಾಲೆಗೆ ಸೇರಿಸುವ ನಿರ್ಣಯಗಳು ನಡೆಯುತ್ತಿರುವಾಗಲಂತೂ, ಬಸ್ಸಿನ ಏರ್ಪಾಡು ಲಿಖಿತವಾಗಿ ಕೈಗೆ ಬರುವವರೆಗೆ ಯಾವ ಶಾಲೆಯನ್ನೂ ಮುಚ್ಚಕೂಡದೆಂಬ ನಿಯಮವನ್ನು ನಾನು ಒತ್ತಿಹೇಳುತ್ತೇನೆ.

ವಿದ್ಯುತ್ ಬಸ್ಸಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನಿಗಮವು 2023ರಿಂದ ಬೆಂಗಳೂರಿನಿಂದ ದೂರದ ಊರುಗಳಿಗೆ ಅವನ್ನು ಓಡಿಸುತ್ತಿದೆ. ಮಲೆನಾಡಿಗೆ ಬೇಕಾದುವು ಆ ದೊಡ್ಡ ಗಾಡಿಗಳಲ್ಲ, ಸಾಗರದಿಂದ ಹೊರಟು ಒಂದು ಒಳದಾರಿಯನ್ನು ಮುಟ್ಟಿ ಮರಳುವ, ಇಪ್ಪತ್ತೈದು ಸೀಟಿನ ಚಿಕ್ಕ ಗಾಡಿಗಳು. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಬ್ಯಾಟರಿಗೆ ಕೊಂಚ ಶಕ್ತಿ ಮರಳಿ ಬರುವುದರಿಂದ ಏರಿಳಿತದ ದಾರಿ ಅವಕ್ಕೆ ಪೂರ್ತಿ ಪ್ರತಿಕೂಲವಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಸೀಮೆಯಲ್ಲಿ ಹಾಲ್ಟಿಂಗ್ ಬಸ್ಸನ್ನು ಅವಕ್ಕೆ ಒಪ್ಪಿಸುವುದು ಮಾತ್ರ ಇನ್ನೂ ಅವಿವೇಕ. ಪೇಟೆಯ ಸುತ್ತಿನ ಟ್ರಿಪ್ಪುಗಳಿಂದ ತೊಡಗಬಹುದು. ಶರಾವತಿಯ ಮುಖ್ಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಮುಳುಗಡೆಯವರ ಊರಿನ ಬಸ್ಸಿಗೆ ಅದರಲ್ಲಿ ಕಿಂಚಿತ್ತನ್ನು ಉಚಿತವಾಗಿ ಕೊಡುವುದು ಋಣಸಂದಾಯದ ಅತ್ಯಲ್ಪ ಭಾಗವಾದೀತು.

ಇಷ್ಟೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದು ಎಣಿಕೆ. ಯಾವ ದಾರಿಯಲ್ಲಿ ಯಾವ ಪರ್ಮಿಟ್ಟು ಕಾಗದದ ಮೇಲೆ ಮಾತ್ರ ಜೀವಂತವಾಗಿದೆ, ಯಾವ ಟ್ರಿಪ್ಪು ಮೂರು ವರ್ಷದಿಂದ ಓಡಿಯೇ ಇಲ್ಲ, ಯಾವ ಮನೆಗಳಿಂದ ತಂಗುದಾಣಕ್ಕೆ ನಡೆಯುವ ದೂರವೆಷ್ಟು, ಆ ನಡಿಗೆಯಲ್ಲಿ ಸಂಕಗಳೆಷ್ಟು, ಮಳೆಗಾಲದಲ್ಲಿ ಅವುಗಳಲ್ಲಿ ಮುಳುಗುವುವೆಷ್ಟು ಎಂಬ ಒಂದು ಪಟ್ಟಿಯನ್ನು ಮೂರೂ ತಾಲ್ಲೂಕುಗಳಲ್ಲಿ ಒಂದು ಬೇಸಗೆಯೊಳಗೆ ಸಿದ್ಧಪಡಿಸಬಹುದು. ಆಶಾ ಕಾರ್ಯಕರ್ತೆಯರಿಗೂ ಅಂಚೆಯವರಿಗೂ ಹಾಲಿನ ಸಂಘದವರಿಗೂ ಪ್ರತಿ ಮನೆಯ ದಾರಿಯೂ ಗೊತ್ತು; ಅವರಿಗೆ ಗೌರವಧನ ಕೊಟ್ಟು ಕೇಳಿದರೆ ಸಾಕು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು, ಶಿವಮೊಗ್ಗ ಮತ್ತು ಉಡುಪಿಯ ಜಿಲ್ಲಾಧಿಕಾರಿಗಳು ಬರುವ ಮೇ ತಿಂಗಳಲ್ಲಿ ಒಂದೇ ಮೇಜಿನ ಸುತ್ತ ಕುಳಿತು, ಅರ್ಜಿ ಬಂದ ದಾರಿಗಳ ಕಡತಗಳನ್ನು ಮಧ್ಯಾಹ್ನಕ್ಕೆ ಬಿಟ್ಟು, ಅರ್ಜಿಯೇ ಬಾರದ ದಾರಿಗಳನ್ನು ಬೆಳಗಿನ ಹೊತ್ತು ಕೈಗೆತ್ತಿಕೊಳ್ಳಲಿ. ಹೊಳೆಬಾಗಿಲಿನ ಆಚೆಗೆ, ನಿಟ್ಟೂರಿನ ಆಚೆಗೆ, ಮೇಗರವಳ್ಳಿಯ ಆಚೆಗೆ ಕಡೆಯ ಬಸ್ಸು ಎಷ್ಟು ಗಂಟೆಗೆ ಎಂಬ ಮೂರು ಸಾಲುಗಳನ್ನು ಆ ಸಭೆಯ ನಡವಳಿಯಲ್ಲಿ ಮೊದಲು ಬರೆಯಲಿ.